ಸೀಟು ಸರಿಸಬೇಡಿ

ನನಗೆ ಕೋಪ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈ ಸಂಗತಿಯಲ್ಲಿ ನಾನು ಇಬ್ಬರ ಮೇಲೆ ಸುಮ್ಮಸುಮ್ಮನೆ ಸಿಟ್ಟಾಗಿದ್ದೇನೆ, ಇಬ್ಬರದೂ ತಪ್ಪಿರಲಿಲ್ಲ. ತಪ್ಪು ನನ್ನದು. ಅದೂ ನನ್ನ ತಲೆಯದಲ್ಲ, ಕೈಯದು.

ಮನೆ ಬದಲಿಸುವವರ ಕಾರುಗಳನ್ನು ಊರಿಂದ ಊರಿಗೆ ಸಾಗಿಸುವ ಕಂಪನಿಯಲ್ಲಿ ಹತ್ತೊಂಬತ್ತು ವರ್ಷದಿಂದ ನಾನು ಚೆಕ್ಕರ್. ಪಾತ್ರೆ, ಮಂಚ, ಹಾಸಿಗೆ ಎಲ್ಲ ಬೇರೆ ಲಾರಿಯಲ್ಲಿ ಹೋಗುತ್ತವೆ. ಕಾರು ಮಾತ್ರ ನಮ್ಮ ಎರಡಂತಸ್ತಿನ ಲಾರಿ ಹತ್ತುತ್ತದೆ. ಒಂದು ಸಲಕ್ಕೆ ಆರು ಕಾರು. ಹತ್ತಿಸುವ ಮುಂಚೆ ನಾನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಕಾರಿನ ಚಿತ್ರ ಅಚ್ಚು ಹಾಕಿದ ಹಾಳೆಯೊಂದರಲ್ಲಿ ಎಲ್ಲಿ ಗೀರು, ಎಲ್ಲಿ ತಗ್ಗು ಎಂದು ಗುರುತು ಮಾಡುತ್ತೇನೆ. ಮೀಟರು ಎಷ್ಟು ಓಡಿದೆ, ಹಾರ್ನು, ಲೈಟು, ಇಂಡಿಕೇಟರ್ ಸರಿ ಇವೆಯೇ, ಒಳಗೆ ಸಾಮಾನು ಏನಾದರೂ ಉಳಿದಿದೆಯೇ, ಎಲ್ಲಕ್ಕೂ ಒಂದೊಂದು ಖಾನೆ. ಮಾಲೀಕರು ಸಹಿ ಹಾಕಬೇಕು. ಇಳಿಸುವ ಊರಿನಲ್ಲಿ ಅದೇ ಹಾಳೆ ಹಿಡಿದು ಮತ್ತೊಂದು ಸುತ್ತು. ಹೊಸ ಗೀರು ಕಂಡರೆ ಅದು ನನ್ನ ಕುತ್ತಿಗೆಗೆ ಬರುತ್ತದೆ.

ಇನ್ನೊಂದು ವಿಷಯ. ನಾನು ಕುಳ್ಳ. ಕಂಪನಿಯಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರೂ ‘ಮೊಳ’ ಎನ್ನುತ್ತಾರೆ. ಯಾರ ಕಾರಿಗೆ ಹತ್ತಿದರೂ ನನಗೆ ಪೆಡಲು ಎಟುಕುವುದಿಲ್ಲ. ಆದ್ದರಿಂದ ಕೂತ ತಕ್ಷಣ ಒಂದು ಕೈ ಸೀಟಿನ ಕೆಳಗಿನ ಸಲಾಕೆ ಎತ್ತುತ್ತದೆ, ಸೀಟು ಮುಂದಕ್ಕೆ ಜಾರುತ್ತದೆ. ಇನ್ನೊಂದು ಕೈ ಕನ್ನಡಿ ತಗ್ಗಿಸುತ್ತದೆ. ಇದನ್ನು ನಾನು ಮಾಡುವುದಿಲ್ಲ, ಅದಾಗಿ ಆಗುತ್ತದೆ, ಉಸಿರಾಡಿದ ಹಾಗೆ.

ಆ ಮನೆಗೆ ನಾವು ಹೋದಾಗ ಬೆಳಗಿನ ಹತ್ತು ಗಂಟೆ. ಇಕ್ಕಟ್ಟಾದ ಬೀದಿ. ಮನೆಯ ಮುಂದಿನ ವರಾಂಡದಲ್ಲಿ ರಟ್ಟಿನ ಪೆಟ್ಟಿಗೆಗಳು ಸೊಂಟದೆತ್ತರಕ್ಕೆ ನಿಂತಿದ್ದವು. ಒಂದು ಪೆಟ್ಟಿಗೆಯ ಬಾಯಿ ಇನ್ನೂ ಮುಚ್ಚಿರಲಿಲ್ಲ, ಅದರ ತುಂಬ ವೈರು. ಪ್ರತಿಯೊಂದನ್ನೂ ಎಂಟರ ಆಕಾರದಲ್ಲಿ ಸುತ್ತಿ, ನಡುವಿಗೆ ಅದರದೇ ತುದಿಯಿಂದ ಎರಡು ಸುತ್ತು ಬಿಗಿದು ಇಟ್ಟಿದ್ದರು. ನಮ್ಮ ಮನೆಯ ವೈರುಗಳು ಹಾವಿನ ಸಂಸಾರದ ಹಾಗೆ ಬಿದ್ದಿರುತ್ತವೆ, ಅದಕ್ಕೇ ಕಣ್ಣಿಗೆ ಬಿತ್ತು.

“ನಮ್ಮ ಭಾವ ಲಿಫ್ಟ್ ರಿಪೇರಿ ಮಾಡ್ತಿದ್ರು,” ಎಂದರು ಅಲ್ಲಿ ನಿಂತಿದ್ದ ಒಬ್ಬರು. “ಕೈ ಅಷ್ಟು ಅಚ್ಚುಕಟ್ಟು. ಹೋಗಿ ಎಂಟು ತಿಂಗಳಾಯ್ತು.” ಅವರು ಮನೆಯೊಡತಿಯ ಅಣ್ಣ. ತಂಗಿಯನ್ನು ತಮ್ಮ ಊರಿಗೆ, ತಮ್ಮ ಮನೆಯ ಹತ್ತಿರಕ್ಕೇ ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಕಂಪನಿಗೆ ಫೋನ್ ಮಾಡಿದ್ದೂ ಅವರೇ. ಎಲ್ಲದರಲ್ಲೂ ಮೂಗು ತೂರಿಸುವ ಜನ, ಆದರೆ ಪ್ರೀತಿ ಇರುವ ಮೂಗು.

ಆಕೆ ಕಾರಿನ ಹತ್ತಿರ ನಿಂತಿದ್ದರು. ನಲವತ್ತರ ಸುಮಾರು ವಯಸ್ಸು, ಸಾಧಾರಣ ಎತ್ತರ. ಮಾತು ಕಡಿಮೆ. ನಾನು ಹಾಳೆ ಹಿಡಿದು ಸುತ್ತು ಹಾಕುವಾಗ ಹಿಂದೆಯೇ ಬಂದರು. ಹಿಂಬಾಗಿಲಿನ ಉದ್ದಕ್ಕೂ ಒಂದು ಆಳವಾದ ಗೀರು ಇತ್ತು, ಕಂಬಕ್ಕೆ ಉಜ್ಜಿದ್ದು.

“ಅದು ನಾನು ಮಾಡಿದ್ದು,” ಎಂದರು. ಯಾರೂ ಕೇಳಿರಲಿಲ್ಲ.

“ಬ್ಯಾಟರಿ ಹೇಗಿದೆ ಮೇಡಂ? ಎಂಟು ತಿಂಗಳಿಂದ ನಿಂತ ಗಾಡಿ ಅಲ್ವಾ.”

“ಚೆನ್ನಾಗಿದೆ. ವಾರಕ್ಕೊಂದು ಸಲ ಸ್ಟಾರ್ಟ್ ಮಾಡ್ತೀನಿ. ಹೊರಗೇ ನಿಂತು, ಬಗ್ಗಿ ಕೀಲಿ ತಿರುಗಿಸ್ತೀನಿ. ಒಳಗೆ ಕೂರಲ್ಲ.”

ನನಗೆ ಅರ್ಥವಾಗಲಿಲ್ಲ. ಆಕೆ ಚಾಲಕನ ಬಾಗಿಲು ತೆಗೆದು ತೋರಿಸಿದರು. ಸೀಟು ಹಿಂದಕ್ಕೆ ಸರಿದಿತ್ತು, ಎತ್ತರದ ಗಂಡಸು ಕಾಲು ಚಾಚಿ ಕೂರುವ ಜಾಗ. “ಅವತ್ತು ಗಾಡಿ ನಿಲ್ಲಿಸಿ, ಬೀಗ ಹಾಕಿ, ಮೆಟ್ಟಿಲು ಹತ್ತಿ ಬಂದ್ರು. ಕುರ್ಚಿ ಮೇಲೆ ಕೂತು ನೀರು ಕೇಳಿದ್ರು. ನಾನು ತರೋಷ್ಟರಲ್ಲಿ ಇರಲಿಲ್ಲ. ಬಟ್ಟೆ ಒಗೆದಾಯ್ತು, ಕೊಟ್ಟಾಯ್ತು. ದಿಂಬೂ ಬದಲಾಯ್ತು. ಅವರು ಎದ್ದುಹೋದ ಹಾಗೇ ಉಳಿದಿರೋದು ಇದೊಂದೇ.”

“ಗಾಡಿ ಓಡಿಸೋರು ಯಾರೂ ಇಲ್ಲ, ಮಾರಿಬಿಡು ಅಂತ ಬಡ್ಕೊಂಡೆ,” ಎಂದರು ಅಣ್ಣ ದೂರದಿಂದ. “ಕೇಳಿದ್ರೆ ತಾನೇ.”

“ಸೀಟು ಹೀಗೇ ಬಂದ್ರೆ ಇಟ್ಕೊಳ್ತೀನಿ ಅಂದಿದ್ದೀನಲ್ಲ ಅಣ್ಣ. ಇದು ಅಲುಗಿದ್ರೆ ಮಾರಿಬಿಡು. ಆಮೇಲೆ ಅದು ಬರೀ ಕಾರು.” ಆಕೆ ನನ್ನ ಕಡೆ ತಿರುಗಿದರು. “ಕೂರಿ, ಬೇಡ ಅನ್ನಲ್ಲ. ಸೀಟು ಸರಿಸಬೇಡಿ. ಕನ್ನಡಿನೂ ಮುಟ್ಟಬೇಡಿ.”

“ಎಳ್ಳಷ್ಟೂ ಸರಿಸಲ್ಲ ಮೇಡಂ,” ಎಂದೆ. ಹಾಳೆಯ ಮೇಲ್ಭಾಗದಲ್ಲಿ ಆಕೆಯ ಕಣ್ಣೆದುರಿಗೇ ದಪ್ಪ ಅಕ್ಷರದಲ್ಲಿ ಬರೆದೆ: ‘ಚಾಲಕನ ಸೀಟು ಸರಿಸಬಾರದು.’ ಬೆನ್ನಿಗೆ ಇಟ್ಟುಕೊಳ್ಳಲು ಲಾರಿಯಿಂದ ಒಂದು ಕಂಬಳಿಯನ್ನೂ ಮಡಿಸಿ ತಂದೆ. ಆಕೆಗೆ ಸಮಾಧಾನವಾಯಿತು, ಸಹಿ ಹಾಕಿದರು.

ಅಷ್ಟರಲ್ಲಿ ನಮ್ಮ ಲಾರಿಯ ಹಿಂದೆ ನೀರಿನ ಟ್ಯಾಂಕರೊಂದು ಬಂದು ನಿಂತು ಹಾರ್ನ್ ಹೊಡೆಯತೊಡಗಿತು. ಬೀದಿ ಇಕ್ಕಟ್ಟು, ಜಾಗ ಇಲ್ಲ. ಟ್ಯಾಂಕರಿನವನು ಕಿಟಕಿಯಿಂದ ತಲೆ ಹಾಕಿ ನನ್ನ ಎತ್ತರದ ಬಗ್ಗೆ ಏನೋ ಅಂದ. ನಾನೂ ನನ್ನ ಬಾಯಿಗೆ ಬಂದದ್ದನ್ನು ಅಂದೆ. ಸಿಟ್ಟಿನಲ್ಲೇ ಕಾರಿಗೆ ಹತ್ತಿ, ಇಳಿಜಾರು ಹಲಗೆಯ ಮೇಲೆ ಒಂದೇ ಏಟಿಗೆ ಏರಿಸಿ, ಮೇಲಿನ ಅಂತಸ್ತಿನ ಮುಂದಿನ ಸ್ಥಾನದಲ್ಲಿ ನಿಲ್ಲಿಸಿ ಬ್ರೇಕು ಎಳೆದೆ. ಎಷ್ಟು ಸಲೀಸಾಗಿ ಆಯಿತಲ್ಲ ಎನ್ನಿಸಿತು. ಆಮೇಲೆ ಯಾಕೆ ಅಷ್ಟು ಸಲೀಸಾಯಿತು ಎಂದು ಹೊಳೆಯಿತು. ಕಂಬಳಿ ಪಕ್ಕದ ಸೀಟಿನ ಮೇಲೆ ಮಡಿಸಿದ ಹಾಗೇ ಇತ್ತು. ನನ್ನ ಮೊಣಕಾಲು ಸ್ಟಿಯರಿಂಗ್‌ಗೆ ತಾಗುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ಗಾಜು ನನಗೆ ಪೂರ್ತಿ ಕಾಣುತ್ತಿತ್ತು.

ಕೈ ತನ್ನ ಕೆಲಸ ಮಾಡಿ ಮುಗಿಸಿತ್ತು. ನನಗೆ ಶಬ್ದ ಕೂಡ ಕೇಳಿಸಿರಲಿಲ್ಲ.

ಕೆಳಗಿಳಿದಾಗ ಆಕೆ ಕಾಯುತ್ತಿದ್ದರು. “ಸೀಟು?” ಎಂದು ಕೇಳಿದರು.

“ಇದ್ದ ಹಾಗೇ ಇದೆ ಮೇಡಂ,” ಎಂದೆ. ನಾಚಿಕೆಯಾಗಬೇಕು ನನಗೆ. ಟ್ಯಾಂಕರಿನವನು ಇನ್ನೂ ಹಾರ್ನ್ ಹೊಡೆಯುತ್ತಿದ್ದ. ಆಕೆ ಕೈ ಮುಗಿದರು. ನಾವು ಹೊರಟೆವು.

ಮೂರು ದಿನದ ದಾರಿ. ನಮ್ಮ ಲಾರಿಯ ಡ್ರೈವರ್ ಹೆಸರು ಪುರಾಣ. ಬಾಯಿ ತೆಗೆದರೆ ಮುಚ್ಚುವುದಿಲ್ಲವೆಂದು ಹಾಗೆ ಕರೆಯುತ್ತೇವೆ. ಅವತ್ತು ಅವನು ತನ್ನ ಷಡ್ಡಕನ ಮನೆ ಜಗಳವನ್ನು ಮೊದಲಿಂದ ಹಿಡಿದಿದ್ದ, ನನ್ನ ಕಿವಿಗೆ ಒಂದು ಮಾತೂ ಹೋಗಲಿಲ್ಲ. ಮಧ್ಯಾಹ್ನ ಮೂರಕ್ಕೆ ಡೀಸೆಲ್ ಬಂಕಿನಲ್ಲಿ ನಿಲ್ಲಿಸಿದಾಗ, ಪಟ್ಟಿ ಬಿಗಿ ನೋಡುವ ನೆಪದಲ್ಲಿ ಏಣಿ ಹತ್ತಿದೆ. ಪ್ರತಿ ನಿಲುಗಡೆಯಲ್ಲೂ ಕಾರಿನ ಚಕ್ರಗಳನ್ನು ಲಾರಿಗೆ ಬಿಗಿದ ಪಟ್ಟಿ ನೋಡುವುದು ನನ್ನದೇ ಕೆಲಸ, ಯಾರಿಗೂ ಅನುಮಾನ ಬರುವುದಿಲ್ಲ.

ಸೀಟು ಜಾರುವ ಕಬ್ಬಿಣದ ಹಳಿಗೆ ಹಲ್ಲುಗಳಿರುತ್ತವೆ. ಸಲಾಕೆ ಬಿಟ್ಟಾಗ ಸೀಟು ಯಾವುದೋ ಒಂದು ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಟಾರ್ಚ್ ಹಿಡಿದು ನೋಡಿದೆ. ಎಂಟು ತಿಂಗಳ ಧೂಳು ಹಳಿಯ ಮೇಲೆ ಕೂತಿತ್ತು, ಸೀಟು ಇದ್ದ ಕಡೆ ಮಾತ್ರ ಚೊಕ್ಕ. ಹಿಂದಿನಿಂದ ಎಣಿಸಿದರೆ ಮೂರನೇ ಹಲ್ಲು. ನನ್ನ ಕೈ ಅದನ್ನು ಹನ್ನೊಂದಕ್ಕೆ ಎಳೆದುಕೊಂಡಿತ್ತು. ದೇವರು ದೊಡ್ಡವನು ಅಂದುಕೊಂಡು ಮೂರಕ್ಕೆ ಕೂರಿಸಿದೆ, ಕನ್ನಡಿಯನ್ನು ಅಂದಾಜಿನ ಮೇಲೆ ಎತ್ತಿದೆ. ಬೀಗ ಹಾಕಿ ಕೀಲಿಯನ್ನು ಸೊಂಟದ ಚೀಲಕ್ಕೆ ಹಾಕಿಕೊಂಡೆ. ಸಂಜೆ ಊಟ ಮಾಡಿದೆ, ಷಡ್ಡಕನ ಕಥೆಗೆ ನಕ್ಕೆ ಕೂಡ.

ಮರುದಿನ ಬೆಳಿಗ್ಗೆ ಹೊರಡುವ ಮುಂಚೆ ಏಣಿ ಹತ್ತಿ ಕಿಟಕಿಯಿಂದ ಇಣುಕಿದೆ. ಸೀಟು ಮುಂದೆ ಬಂದಿತ್ತು.

ಒಳಗೆ ಹೋಗಿ ಎಣಿಸಿದೆ. ಏಳನೇ ಹಲ್ಲು. ಅವರ ಮೂರೂ ಅಲ್ಲ, ನನ್ನ ಹನ್ನೊಂದೂ ಅಲ್ಲ. ಹಲ್ಲು ಕಚ್ಚಿರದಿದ್ದರೆ ಲಾರಿಯ ಕುಲುಕಾಟಕ್ಕೆ ಜಾರಬಹುದು ನಿಜ, ಆದರೆ ನಾನು ಕಚ್ಚಿಸಿ, ಎರಡು ಸಲ ಅಲುಗಿಸಿ ನೋಡಿದ್ದೆ. ಕೂತು ಕನ್ನಡಿ ನೋಡಿದೆ. ಅದರಲ್ಲಿ ನನಗೆ ಕಂಡದ್ದು ಕಾರಿನ ಸೂರು. ನನಗಿಂತ ಒಂದು ಗೇಣು ಎತ್ತರದವರು ಯಾರಿಗೋ ಅದನ್ನು ತಿರುಗಿಸಿಟ್ಟಿತ್ತು.

ಕೆಳಗಿಳಿದು ಪುರಾಣನ ಮೇಲೆ ಹರಿಹಾಯ್ದೆ. “ಮೇಲಿನ ಗಾಡಿಯಲ್ಲಿ ಮಲಗಿದ್ಯಾ? ನಿಜ ಬೊಗಳು.”

ಅವನು ಹಲ್ಲುಜ್ಜುತ್ತಿದ್ದ. ಬಾಯಿಯ ನೊರೆ ಉಗಿದು, “ಕೀಲಿ ಯಾರ ಹತ್ರ ಇದೆ ಮೊಳಣ್ಣ?” ಎಂದ.

“ನನ್ನ ಹತ್ರ.”

“ಮತ್ತೆ ನಾನೇನು ಕಿಟಕಿ ಸಂದಿಯಲ್ಲಿ ತೂರ್ಕೊಂಡು ಹೋದ್ನಾ? ಈ ಹೊಟ್ಟೆ ಇಟ್ಕೊಂಡು?”

ಮಾತು ಸರಿಯಾಗಿತ್ತು. ಅದಕ್ಕೇ ನನ್ನ ಕೋಪ ಇನ್ನಷ್ಟು ಏರಿತು. ನೈಲಾನ್ ಹಗ್ಗ ಒಂದು ತೆಗೆದುಕೊಂಡು ಮತ್ತೆ ಮೇಲೆ ಹೋದೆ. ಸೀಟನ್ನು ಮೂರಕ್ಕೆ ತಳ್ಳಿ, ಅದರ ಕಾಲನ್ನು ಹಿಂದಿನ ಸೀಟಿನ ಕಬ್ಬಿಣಕ್ಕೆ ಬಿಗಿದು ನಾಲ್ಕು ಗಂಟು ಹಾಕಿದೆ. ನನ್ನ ಗಂಟು ನನಗೇ ಬಿಚ್ಚಲು ಬರುವುದಿಲ್ಲ, ಕೊಯ್ಯಬೇಕು. ಈಗ ಬಾ ನೋಡೋಣ ಅಂದುಕೊಂಡೆ. ಯಾರಿಗೆ ಅಂದದ್ದೋ ಗೊತ್ತಿಲ್ಲ.

ಆವತ್ತು ಪುರಾಣ ಮಾತಾಡಲಿಲ್ಲ. ಮೊದಲು ಮುನಿಸಿಕೊಂಡಿದ್ದಾನೆ ಎಂದುಕೊಂಡೆ. ಆದರೆ ಅವನ ಕಣ್ಣು ರಸ್ತೆಯ ಮೇಲಿಗಿಂತ ಹೆಚ್ಚಾಗಿ ಬದಿಯ ಅಂಗಡಿಗಳ ಮೇಲಿತ್ತು. ಗಾಜಿನ ಮುಖದ ಅಂಗಡಿ ಬಂದಾಗಲೆಲ್ಲ ಕತ್ತು ತಿರುಗಿಸಿ ನೋಡುತ್ತಿದ್ದ. ನಾಲ್ಕು ಗಂಟೆ ಹೊತ್ತು ಬಾಯಿ ಮುಚ್ಚಿ ಕೂತ ಪುರಾಣನನ್ನು ನಾನು ಹತ್ತೊಂಬತ್ತು ವರ್ಷದಲ್ಲಿ ಕಂಡಿರಲಿಲ್ಲ. ಅದು ನನಗೆ ಸರಿಬರಲಿಲ್ಲ.

ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಸುತ್ತ ಹತ್ತಾರು ಲಾರಿ, ಜನ, ಗದ್ದಲ. ಏಣಿ ಹತ್ತಿ ಬೀಗ ತೆಗೆದೆ.

ಸೀಟು ಏಳಕ್ಕೆ ಬಂದು ನಿಂತಿತ್ತು. ಹಗ್ಗ ತುಂಡಾಗಿರಲಿಲ್ಲ. ಪಕ್ಕದ ಸೀಟಿನ ಮೇಲೆ, ನನ್ನ ಕಂಬಳಿಯ ಪಕ್ಕದಲ್ಲಿ ಇತ್ತು. ಎಂಟರ ಆಕಾರದಲ್ಲಿ ಸುತ್ತಿ, ನಡುವಿಗೆ ಅದರದೇ ತುದಿಯಿಂದ ಎರಡು ಸುತ್ತು ಬಿಗಿದಿತ್ತು.

ಆ ರಟ್ಟಿನ ಪೆಟ್ಟಿಗೆ ಕಣ್ಣ ಮುಂದೆ ಬಂತು. ಆದರೂ ನನ್ನ ಮೊಂಡುತನ ನೋಡಿ, ಆಕೆಗೆ ಕೊಟ್ಟ ಮಾತು ತಲೆಯಲ್ಲಿ ಕೂತಿತ್ತು. ಸೀಟು ಮೂರರಲ್ಲಿರದಿದ್ದರೆ ಆಕೆ ಕಾರನ್ನೇ ಬಿಟ್ಟುಕೊಡುತ್ತಾರೆ, ನನ್ನ ಒಂದು ಕೈಯ ದೆಸೆಯಿಂದ. ಒಳಗೆ ಕೂತು ಬಾಗಿಲೆಳೆದುಕೊಂಡೆ. ಸಲಾಕೆ ಹಿಡಿದೆ. ಎತ್ತಲು ಬರಲಿಲ್ಲ. ಬಲ ಹಾಕಿ ಎಳೆದೆ. ಕೆಳಗಿನಿಂದ ಯಾರೋ ಅಷ್ಟೇ ಬಲವಾಗಿ ಹಿಡಿದುಕೊಂಡಂತಿತ್ತು.

“ಬಿಡ್ರಿ,” ಎಂದೆ. ಯಾಕೆ ಹಾಗೆಂದೆನೋ.

ಆಗ ಪಕ್ಕದ ಸೀಟಿನಿಂದ ಕಟ್ ಎಂದಿತು. ಅದು ತನ್ನಷ್ಟಕ್ಕೆ ಹಿಂದಕ್ಕೆ ಒಂದು ಹಲ್ಲು ಸರಿದಿತ್ತು. ಮತ್ತೊಂದು ಸಲ ಕಟ್. ಮತ್ತೊಂದು. ಉದ್ದ ಕಾಲಿನವರು ಕಾಲಿಗೆ ಜಾಗ ಮಾಡಿಕೊಳ್ಳುವ ಹಾಗೆ, ಏನೂ ಅವಸರವಿಲ್ಲದೆ ಸರಿದು, ಕೊನೆಯಲ್ಲಿ ನಿಂತಿತು. ಸೀಟಿನ ಬಟ್ಟೆ ಒಂದಿಷ್ಟು ಒಳಗೆ ಕುಸಿಯಿತು. ನಾನು ಆಮೇಲೆ ಆ ಕಡೆ ನೋಡಲಿಲ್ಲ. ಹೇಗೆ ಇಳಿದೆನೋ ಗೊತ್ತಿಲ್ಲ, ಕೆಳಗೆ ಬಂದಾಗ ಮೊಣಕಾಲಿನಿಂದ ರಕ್ತ ಸೋರುತ್ತಿತ್ತು.

ಪುರಾಣ ತಟ್ಟೆ ಹಿಡಿದು ನಿಂತಿದ್ದ. ನನ್ನ ಮುಖ ನೋಡಿ ತಟ್ಟೆ ಕೆಳಗಿಟ್ಟ.

“ಬೆಳಿಗ್ಗೆಯಿಂದ ಹೇಳೋಣ ಅಂತಿದ್ದೆ ಮೊಳಣ್ಣ,” ಎಂದ. “ನೀನು ಬೈತೀಯ ಅಂತ ಸುಮ್ಮನಿದ್ದೆ. ನಾವು ತಿರುಗೋ ಕಡೆಯಲ್ಲೆಲ್ಲ ಆ ಮೇಲಿನ ಗಾಡಿ ಇಂಡಿಕೇಟರ್ ಹಾಕ್ತಿದೆ. ಅಂಗಡಿ ಗಾಜಲ್ಲಿ ಕಾಣ್ಸುತ್ತೆ. ಒಂದು ತಿರುವೂ ತಪ್ಪಿಲ್ಲ.”

“ಕೀಲಿ ನನ್ನ ಸೊಂಟದಲ್ಲಿದೆಯಲ್ಲೋ.”

“ಅದನ್ನೇ ನಾನೂ ಹೇಳ್ತಿರೋದು.”

ಸಂಜೆ ಐದಕ್ಕೆ ಮನೆಗೆ ಫೋನ್ ಮಾಡಿದೆ. ನನ್ನ ಹೆಂಡತಿ ಎಲ್ಲವನ್ನೂ ಕೇಳಿದಳು, ನಡುವೆ ಬಾಯಿ ಹಾಕಲಿಲ್ಲ. ಅವಳು ನಡುವೆ ಬಾಯಿ ಹಾಕದಿದ್ದರೆ ನನ್ನ ಗ್ರಹಚಾರ ಕಾದಿದೆ ಎಂದೇ ಅರ್ಥ.

“ದೆವ್ವದ ವಿಷಯ ಆಮೇಲೆ ಇರಲಿ,” ಎಂದಳು. “ಆಯಮ್ಮನಿಗೆ ಸುಳ್ಳು ಹೇಳಿದ್ರಲ್ಲ, ಅದಕ್ಕೇನು ಮಾಡ್ತೀರಿ?”

“ಮೂರಕ್ಕೆ ಕೂರ್ಸಿಬಿಟ್ರೆ ಗೊತ್ತಾಗ್ತಿರಲಿಲ್ಲ ಕಣೇ.”

“ನೀವು ಕೂರ್ಸಿದ ಮೂರು ಬೇರೆ, ಅವರು ಬಿಟ್ಟುಹೋದ ಮೂರು ಬೇರೆ. ಅಷ್ಟೂ ತಿಳಿಯಲ್ವಾ ನಿಮಗೆ? ಹೇಳಿಬಿಡಿ. ಬೈದ್ರೆ ಬೈಸ್ಕೊಳ್ಳಿ, ನಿಮಗೇನು ಹೊಸದಾ?”

ಫೋನಿಟ್ಟಮೇಲೆ ತುಂಬ ಹೊತ್ತು ಅವಳ ಮೇಲೂ ಕೋಪ ಇತ್ತು. ಸರಿಯಾದ ಮಾತಿಗೆ ಬರುವ ಕೋಪ ಬೇಗ ಇಳಿಯುವುದಿಲ್ಲ. ಆಮೇಲೆ ಮೇಲಿನ ಗಾಡಿಗೆ ನಾನು ಕೈ ಹಾಕಲಿಲ್ಲ. ಪಟ್ಟಿಯನ್ನು ಕೂಡ ಏಣಿಯ ಮೇಲಿಂದಲೇ ನೋಡಿ ಬಂದೆ.

ಮೂರನೇ ದಿನ ಬೆಳಿಗ್ಗೆ ಹೊಸ ಮನೆ ತಲುಪಿದೆವು. ಮೂರಂತಸ್ತಿನ ಕಟ್ಟಡ, ಮುಂದೆ ಅಗಲವಾದ ಖಾಲಿ ಬೀದಿ, ಕೊನೆಯಲ್ಲೊಂದು ತಿರುವು. ಆಕೆ ಗೇಟಿನ ಹತ್ತಿರವೇ ನಿಂತಿದ್ದರು, ಕೈಯಲ್ಲಿ ಒರೆಸುವ ಬಟ್ಟೆ. ಅಣ್ಣನ ಜೊತೆ ಬಿಳಿ ಅಂಗಿಯ ಒಬ್ಬರಿದ್ದರು, ಕಾರು ನೋಡಲು ಬಂದ ಗಿರಾಕಿ.

“ಬರೀ ನೋಡ್ಕೊಂಡು ಹೋಗ್ತಾರೆ ಬಿಡೇ,” ಎಂದು ಅಣ್ಣ ತಂಗಿಗೆ ಹೇಳುತ್ತಿದ್ದರು. “ನೋಡೋದಕ್ಕೇನು?”

ಕಾರು ಇಳಿಸಬೇಕೆಂದರೆ ನಾನು ಅದರಲ್ಲಿ ಕೂರಲೇಬೇಕು. ಬೇರೆ ದಾರಿಯಿಲ್ಲ. ಏಣಿ ಹತ್ತಿ, ಬಾಗಿಲು ತೆಗೆದು, ಏಳನೇ ಹಲ್ಲಿನಲ್ಲಿದ್ದ ಸೀಟಿನ ತುದಿಯಲ್ಲಿ ಕೂತೆ. ಕಾಲ್ಬೆರಳು ಕಷ್ಟಪಟ್ಟು ಪೆಡಲಿಗೆ ಎಟುಕಿತು. ಪಕ್ಕದ ಸೀಟು ಪೂರ್ತಿ ಹಿಂದಿತ್ತು, ಅದರ ಬೆಲ್ಟು ಹಾಕಿಕೊಂಡಿತ್ತು. ಬೆಲ್ಟು ಸೀಟಿಗೆ ಅಂಟಿರಲಿಲ್ಲ. ನಡುವೆ ಒಬ್ಬ ಮನುಷ್ಯನಷ್ಟು ಅಂತರ ಬಿಟ್ಟು ಉಬ್ಬಿ ನಿಂತಿತ್ತು.

“ಸ್ವಲ್ಪ ಸಹಕರಿಸಿ ಸ್ವಾಮಿ,” ಎಂದೆ ಸ್ಟಿಯರಿಂಗ್ ನೋಡಿಕೊಂಡು. “ನನಗೂ ಹೆಂಡತಿ ಮಕ್ಕಳಿದ್ದಾರೆ.”

ಗಾಡಿ ಹಿಂದಕ್ಕೆ ಇಳಿಯಿತು. ಹಲಗೆಯ ತುದಿಯಲ್ಲಿ ನನ್ನ ಕಾಲು ಬ್ರೇಕಿನ ಮೇಲಿಂದ ಜಾರಿದಾಗ, ನಡುವಿನ ಕೈಬ್ರೇಕು ತಾನಾಗಿ ಮೆಲ್ಲಗೆ ಎರಡು ಬೆರಳಿನಷ್ಟು ಮೇಲೆದ್ದಿತು. ಬೆವರಿನಲ್ಲಿ ನೆಂದು ಹೊರಬಂದೆ.

ಆಕೆ ಕಿಟಕಿಗೆ ಹತ್ತಿರವಾಗುವ ಮುಂಚೆ ಅಡ್ಡ ನಿಂತೆ. “ತಾಯಿ, ಒಂದು ಮಾತು. ಸೀಟು ಇದ್ದ ಹಾಗಿಲ್ಲ. ಅವತ್ತು ಹತ್ತಿಸುವಾಗ ನನ್ನ ಕೈ ಅದನ್ನ ಸರಿಸಿಬಿಡ್ತು. ಬೇಕಂತ ಅಲ್ಲ, ಅಭ್ಯಾಸ. ನಿಮಗೆ ಸುಳ್ಳು ಹೇಳಿದೆ.”

ಆಕೆ ಒಂದು ಹೆಜ್ಜೆ ಹಿಂದೆ ಸರಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ, ಇನ್ನೊಮ್ಮೆ ಮಡಿಸಿ, “ಅಣ್ಣ, ಅವರಿಗೆ ಗಾಡಿ ತೋರಿಸು,” ಎಂದರು. ಒಳಗೆ ಹೋಗಲು ತಿರುಗಿದರು.

“ಇನ್ನೂ ಇದೆ ತಾಯಿ,” ಎಂದೆ. “ನಾನು ಅದನ್ನ ವಾಪಸ್ ಮೂರನೇ ಹಲ್ಲಿಗೆ ಇಟ್ಟೆ. ಧೂಳಿನ ಗುರುತು ನೋಡಿ ಸರಿಯಾಗೇ ಇಟ್ಟೆ. ಅದು ಅಲ್ಲಿ ನಿಲ್ಲಲಿಲ್ಲ. ಕಟ್ಟಿದ್ರೂ ನಿಲ್ಲಲಿಲ್ಲ. ಪ್ರತಿ ಸಲ ಒಂದೇ ಕಡೆ ಬಂದು ನಿಲ್ಲುತ್ತೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.”

ಆಕೆ ನಿಂತರು. “ಎಷ್ಟನೇ ಹಲ್ಲು?”

“ಏಳು.”

ಆಕೆ ಅಲ್ಲೇ ಗೇಟಿನ ಕಟ್ಟೆಯ ಮೇಲೆ ಕುಸಿದು ಕೂತರು. ಅಣ್ಣ ನೀರು ತರಲು ಓಡಿದರು. ಆಕೆ ನೋಡುತ್ತಿದ್ದದ್ದು ನನ್ನನ್ನಲ್ಲ, ಹಿಂಬಾಗಿಲಿನ ಆ ಉದ್ದ ಗೀರನ್ನು.

“ಮೂರು ನಂದು, ಏಳು ನಿಂದು ಅಂತಿದ್ರು,” ಎಂದರು. “ಭಾನುವಾರ ನನಗೆ ಗಾಡಿ ಕಲಿಸ್ತಿದ್ರು. ತಾವು ಇಳಿದು, ಹಲ್ಲು ಜೋರಾಗಿ ಎಣಿಸಿ ಸೀಟು ಮುಂದೆ ತಳ್ಳಿ, ಕನ್ನಡಿ ತಗ್ಗಿಸಿ, ಆಮೇಲೆ ಸುತ್ತಿ ಬಂದು ಆ ಕಡೆ ಕೂರ್ತಿದ್ರು. ನಾನು ಇಂಡಿಕೇಟರ್ ಮರೀತಿದ್ದೆ. ಯಾವಾಗ್ಲೂ ಮರೀತಿದ್ದೆ. ಬೈಯ್ಯದೆ ತಾವೇ ಕೈ ಚಾಚಿ ಹಾಕ್ತಿದ್ರು. ಐದನೇ ಭಾನುವಾರ ಮನೆ ಮುಂದಿನ ಕಂಬಕ್ಕೆ ಉಜ್ಜಿಬಿಟ್ಟೆ. ನನಗೆ ಇದೆಲ್ಲ ಬೇಡ, ಇನ್ನು ಮುಟ್ಟಲ್ಲ ಅಂತ ಕೂಗಾಡಿ, ಬಾಗಿಲು ಬಡಿದು ಒಳಗೆ ಹೋದೆ. ಅವರು ಇಳಿಯಲಿಲ್ಲ. ನಾನು ವಾಪಸ್ ಬರ್ತೀನಿ ಅಂತ ಆ ಪಕ್ಕದ ಸೀಟಲ್ಲೇ ಕೂತಿದ್ರು. ಕಿಟಕಿಯಿಂದ ನೋಡ್ತಿದ್ದೆ. ಒಂದು ಗಂಟೆ ಕೂತಿದ್ರು. ನಾನು ಹೋಗಲಿಲ್ಲ.” ಆಕೆ ಮಡಿಸಿದ್ದ ಬಟ್ಟೆಯನ್ನು ಬಿಡಿಸಿದರು. “ಆ ವಾರವೇ ಹೋಗಿಬಿಟ್ರು.”

ಪುರಾಣ ನನ್ನ ಹಿಂದೆ ನಿಂತು ಮೂಗು ಎಳೆದುಕೊಂಡ. ನನ್ನ ಕಣ್ಣೂ ತುಂಬಿತ್ತು, ಸುಳ್ಳೇಕೆ ಹೇಳಲಿ.

“ಆ ಕಡೆ ಸೀಟು ಹೇಗಿದೆ?” ಎಂದು ಆಕೆ ಕೇಳಿದರು.

“ಪೂರ್ತಿ ಹಿಂದಿದೆ ತಾಯಿ. ಬೆಲ್ಟು ಹಾಕಿದೆ.”

ಅಣ್ಣ ನೀರು ತಂದಾಗ ಆಕೆ ಎದ್ದಿದ್ದರು. ಲೋಟ ತೆಗೆದುಕೊಳ್ಳಲಿಲ್ಲ. ನನ್ನ ಕೈಯಿಂದ ಕೀಲಿ ತೆಗೆದುಕೊಂಡು, ಎಂಟು ತಿಂಗಳಲ್ಲಿ ಮೊದಲ ಸಲ ಆ ಬಾಗಿಲು ತೆಗೆದು ಒಳಗೆ ಕೂತರು. ಕಾಲು ಪೆಡಲಿಗೆ ಸರಿಯಾಗಿ ಹೋಯಿತು. ಕನ್ನಡಿ ನೋಡಿದರು, ಅದನ್ನು ಮುಟ್ಟಬೇಕಾಗಲಿಲ್ಲ. ಪಕ್ಕಕ್ಕೆ ಮಾತ್ರ ತಿರುಗಲಿಲ್ಲ, ನನ್ನ ಹಾಗೆಯೇ.

“ತಲೆ ಕೆಟ್ಟಿದೆಯಾ ನಿಂಗೆ?” ಎಂದರು ಅಣ್ಣ. “ಓಡ್ಸೋಕೆ ಬರಲ್ಲ, ಯಾರಿಗಾದ್ರೂ ಗುದ್ದಿಬಿಟ್ರೆ? ಇರು, ಪಕ್ಕದಲ್ಲಿ ನಾನಾದ್ರೂ ಕೂರ್ತೀನಿ.” ಅವರು ಆ ಕಡೆಯ ಬಾಗಿಲ ಹಿಡಿ ಎಳೆದರು. ಬಾಗಿಲು ತೆರೆದುಕೊಳ್ಳಲಿಲ್ಲ. ಬೀಗ ಹಾಕಿರಲಿಲ್ಲ ಎಂದು ನನಗೆ ಗೊತ್ತಿತ್ತು.

“ಬೇಡ ಅಣ್ಣ,” ಎಂದರು ಆಕೆ ಒಳಗಿನಿಂದ, ಮೆಲ್ಲಗೆ. “ಮುಂದೆ ಜಾಗ ಇಲ್ಲ.”

ಅಣ್ಣ ಹಿಡಿಯಿಂದ ಕೈ ತೆಗೆದರು. ಬಿಸಿಲಿಗೆ ಗಾಜು ಹೊಳೆಯುತ್ತಿತ್ತು, ಒಳಗೆ ಅವರಿಗೆ ಏನು ಕಂಡಿತೋ ನಾನು ಕೇಳಲಿಲ್ಲ. ಎರಡು ಹೆಜ್ಜೆ ಹಿಂದೆ ಬಂದು, ಬಿಳಿ ಅಂಗಿಯವರಿಗೆ, “ನೀವು ಹೊರಡಿ, ಗಾಡಿ ಕೊಡೋದಿಲ್ಲ,” ಎಂದರು.

ಕಾರು ಮೊದಲ ಸಲ ಕುಕ್ಕಿ ನಿಂತುಹೋಯಿತು. ಆಕೆ ಮತ್ತೆ ಸ್ಟಾರ್ಟ್ ಮಾಡಿದರು. ಎರಡನೇ ಸಲವೂ ನಿಂತಿತು. ಮೂರನೇ ಸಲ ಮೆಲ್ಲಗೆ ಮುಂದೆ ಸರಿದು, ಬೀದಿಯ ನಡುವೆ, ನಡೆಯುವವರಿಗಿಂತ ತುಸು ಜೋರಾಗಿ ಹೋಯಿತು. ನಾವು ಮೂವರೂ ರಸ್ತೆಯಲ್ಲಿ ನಿಂತು ನೋಡಿದೆವು. ಹಿಂದಿನ ಗಾಜಿನಲ್ಲಿ ಆಕೆಯ ಎರಡು ಕೈಯೂ ಸ್ಟಿಯರಿಂಗ್ ಅನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದು ಕಾಣುತ್ತಿತ್ತು. ತಿರುವು ಹತ್ತಿರ ಬಂತು. ಆ ಕೈಗಳು ಅಲುಗಲಿಲ್ಲ. ಇಂಡಿಕೇಟರ್ ಮಿನುಗತೊಡಗಿತು.

ಕಾರು ತಿರುಗಿ ಮರೆಯಾಯಿತು. ಪುರಾಣ ಇಳಿಜಾರು ಹಲಗೆ ಎತ್ತಿ ಲಾರಿಗೆ ಸೇರಿಸತೊಡಗಿದ. ನನ್ನ ಹಾಳೆಯಲ್ಲಿ ಎರಡು ಖಾನೆ ತುಂಬುವುದು ಬಾಕಿಯಿತ್ತು. ‘ಒಳಗೆ ಉಳಿದಿರುವುದು’ ಎಂಬ ಖಾನೆಯನ್ನು ಖಾಲಿ ಬಿಟ್ಟೆ. ಇನ್ನೊಂದರಲ್ಲಿ ‘ಇಂಡಿಕೇಟರ್ ಸರಿ ಇದೆ’ ಎಂದು ಬರೆದು, ಲಾರಿ ಹತ್ತಿದೆ.